ಆಚಾರಿ ಅಂಗಡಿ ಮುಂದೆ ನಾಯಿಗಳ ಸಾಲು

ಬೇರೆಯವರ ಅಂಗಡಿಗೆ ಗಿರಾಕಿ ಬರುತ್ತಾರೆ. ನನ್ನ ಅಂಗಡಿಗೆ ಗಿರಾಕಿಯ ಜೊತೆ ಅವರ ನಾಯಿಯೂ ಬರುತ್ತದೆ, ಬಂದ ಮೇಲೆ ಏನಾದರೊಂದು ಆಗದೆ ಹೋಗುವುದಿಲ್ಲ. ನಾನು ತಾಳವಾಡಿಯಲ್ಲಿ ಚಿನ್ನಬೆಳ್ಳಿ ಕೆಲಸ ಮಾಡುವ ಆಚಾರಿ. ಮೂಗುಬೊಟ್ಟು, ಓಲೆ, ತಾಳಿಗುಂಡು, ಕಾಲುಂಗುರ ಬಿಟ್ಟು ಬೇರೆ ಲೋಕ ಕಂಡವನಲ್ಲ. ಹೀಗಿದ್ದವನ ಹಣೆಯಲ್ಲಿ ನಾಯಿಯ ಉಣ್ಣಿ ಕೀಳುವುದೂ ಬರೆದಿತ್ತು.

ಮೊದಲೇ ಎರಡು ವಿಷಯ ಹೇಳಿಬಿಡುತ್ತೇನೆ. ಒಂದು, ನನಗೆ ನಾಯಿ ಕಂಡರೆ ಭಯ. ಚಿಕ್ಕಂದಿನಲ್ಲಿ ಒಂದು ಕೆಂದನಾಯಿ ನನ್ನನ್ನು ಹುಲ್ಲಿನ ಮೆದೆಯ ಸುತ್ತ ಏಳು ಸುತ್ತು ಓಡಿಸಿತ್ತು. ಅವತ್ತಿನಿಂದ ಹತ್ತಿರ ನಾಯಿ ಬಂದರೆ ಕೈ ತಾನಾಗಿ ನಡುಗುತ್ತದೆ. ಇದು ಹೆಂಡತಿಗೆ ಬಿಟ್ಟು ಇನ್ನಾರಿಗೂ ಗೊತ್ತಿರಲಿಲ್ಲ. ಎರಡು, ನಮ್ಮ ಕಸುಬಿನಲ್ಲಿ ಕೈಯೇ ಬಂಡವಾಳ. ಕೈ ನಡುಗುವ ಆಚಾರಿಗೆ ಯಾರೂ ತಾಳಿ ಕೆಲಸ ಕೊಡುವುದಿಲ್ಲ. ಈ ಎರಡನ್ನೂ ಸೇರಿಸಿ ನೋಡಿದರೆ ನನ್ನ ಪಾಡು ನಿಮಗೆ ಅರ್ಥವಾದೀತು.

ನಡು ಬೇಸಿಗೆಯ ಚಳಿ

ಎಲ್ಲಕ್ಕೂ ಮೂಲ ದನದಾಸ್ಪತ್ರೆಯ ಡಾಕ್ಟರಮ್ಮ. ಒಳ್ಳೆಯ ಹೆಣ್ಣುಮಗಳು, ಘಾಟಿ ಕೆಳಗಿನ ಸೀಮೆಯವರು. ನಾಯಿ ಮೈಗೆ ಉಣ್ಣಿ ಕಚ್ಚಿಕೊಂಡಿದ್ದರೆ ಬೆರಳಲ್ಲಿ ಹಿಸುಕಬೇಡಿ, ಸಣ್ಣ ಮೊನೆಯ ಚಿಮಟದಲ್ಲಿ ಚರ್ಮಕ್ಕೆ ಅಂಟಿದ ಹಾಗೆ ಹಿಡಿದು, ತಿರುಚದೆ, ನಿಧಾನವಾಗಿ ನೆಟ್ಟಗೆ ಎಳೆಯಿರಿ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಎಂಥ ಚಿಮಟ ಎಂದು ಕೇಳಿದವರಿಗೆ, "ಆಚಾರಿ ಹತ್ತಿರ ಇರುತ್ತಲ್ಲ, ಆ ಥರದ್ದು" ಅಂದುಬಿಟ್ಟರು.

ಮಾರನೆಯ ದಿನ ಕೋಸು ಬೆಳೆಯುವ ರೈತರೊಬ್ಬರು ನಾಯಿ ಸಮೇತ ಹಾಜರು.

"ಆಚಾರ್ರೇ, ಇದ್ಕ ಉಣ್ಣಿ ಕಿತ್ಕೊಡಿ."

"ನಾನ್ಯಾಕಣ್ಣ? ನೀನೇ ಒಂದು ಚಿಮ್ಟ ತಕ್ಕೊ."

"ಚಿಮ್ಟ ತಕ್ಕಳಕ್ಕ ಸತ್ಯಮಂಗ್ಲಕ್ಕ ಓಗ್ಬೇಕು. ಗಾಟಿ ಇಳ್ದು ಅತ್ತಿ ಬರೋವತ್ಗ ನಾಯಿ ಮೈಲಿ ರಕ್ತವೇ ಇರಕಿಲ್ಲ. ನಿಮ್ತಾವ ಚಿಮ್ಟಾನೂ ಅದ, ಕೈಯೂ ಅದ."

ನಾಯಿ ಮೆಟ್ಟಿಲ ಮೇಲೆ ಕೂತು ನನ್ನನ್ನೇ ನೋಡಿತು. ನಾನು ಅದರ ಮೂತಿ ನೋಡಿದೆ, ಹಲ್ಲು ಕಂಡಿತು, ಕೈ ಶುರುಮಾಡಿತು.

"ಆಚಾರ್ರೇ, ಕೈ ನಡುಗ್ತಾ ಅದಲ್ಲ?"

"ಚಳಿ ಕಣಣ್ಣ" ಅಂದೆ. ಅದು ನಡು ಬೇಸಿಗೆಯ ಮಧ್ಯಾಹ್ನ. ಎದುರಿನ ಮರದ ಕೆಳಗೆ ಎಮ್ಮೆಗಳು ಏದುಸಿರು ಬಿಡುತ್ತಿದ್ದವು.

ಹೇಗೋ ಕಿತ್ತು ಕಳಿಸಿದೆ. ಸಂಜೆ ಮನೆಗೆ ಹೋದರೆ ಅಡುಗೆಮನೆಯಲ್ಲಿ ಎರಡು ಮನೆಯವರು ಕಳಿಸಿದ ಮೆಣಸಿನ ಸಾರು, ಜಗಲಿಯ ಮೇಲೆ ಯಾರದೋ ಕಂಬಳಿ. ಹೆಂಡತಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. "ನಿಮ್ಗ ಜ್ವರ ಬಂದಿರದು ಊರ್ಗೆಲ್ಲ ಗೊತ್ತು. ನಂಗೊಬ್ಳಿಗೆ ಯೋಳ್ನಿಲ್ವಲ್ಲ!"

ಅವತ್ತೇ ಒಂದು ನಿಯಮ ಮಾಡಿಕೊಂಡೆ. ನಾಯಿಯ ಬಾಯಿಗೆ ಟವೆಲ್ ಕಟ್ಟಿ, ತಲೆಯನ್ನು ಆ ಕಡೆ ತಿರುಗಿಸಿ, ಯಜಮಾನನೇ ಹಿಡಿದುಕೊಳ್ಳಬೇಕು. ನಾನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಉಣ್ಣಿ ಒಂದನ್ನೇ ನೋಡಬೇಕು. ಮೂತಿ ಮಾತ್ರ ನೋಡಕೂಡದು. ಇದರಿಂದ ನಡುಕ ನಿಲ್ಲಲಿಲ್ಲ, ಅರ್ಧಕ್ಕೆ ಇಳಿಯಿತು.

ಬೀಡಿ ವೈದ್ಯ

ಎದುರಿನ ಟೀ ಅಂಗಡಿಯವನಿಗೆ ನನ್ನ ಈ ಹೊಸ ಕೀರ್ತಿ ಸಹಿಸಲಾಗಲಿಲ್ಲ. "ಚಿಮ್ಟ ಯಾಕ್ಲಾ ಬೇಕು? ಕೆಂಡ ಇರೋ ಬೀಡಿ ಮುಟ್ಸುದ್ರ ಉಣ್ಣಿ ತಾನಾಗೇ ಉದುರ್ತದ" ಎಂದು ನಾಲ್ಕು ಜನರ ಮುಂದೆ ಸವಾಲು ಹಾಕಿದ. ಸುಡಬಾರದು, ಸೀಮೆಎಣ್ಣೆಯನ್ನೂ ಹಚ್ಚಬಾರದು ಎಂದು ಡಾಕ್ಟರಮ್ಮ ಹೇಳಿದ್ದನ್ನು ನಾನು ಹೇಳಿದೆ. "ಅವ್ರು ಓದ್ದೋರು, ಅವ್ರಿಗೇನು ಗೊತ್ತು?" ಅಂದ.

ತನ್ನ ನಾಯಿಯನ್ನು ಅಂಗಡಿಯ ಬೆಂಚಿಗೆ ಕಟ್ಟಿದ. ಬೆಂಚಿನ ಮೇಲೆ ಮೂವರು ಟೀ ಕುಡಿಯುತ್ತಿದ್ದರು. ಬೀಡಿ ಹಚ್ಚಿ ಎರಡು ದಮ್ಮು ಎಳೆದು, ಕಿವಿಯ ಹಿಂದಿದ್ದ ಉಣ್ಣಿಗೆ ಮುಟ್ಟಿಸಿದ.

ನಾಯಿ ಬಸ್‌ಸ್ಟ್ಯಾಂಡಿನ ಕಡೆ ಹೊರಟಿತು. ಅದರ ಹಿಂದೆ ಬೆಂಚೂ ಹೊರಟಿತು. ಮೂವರೂ ಬಿದ್ದರು, ಮೂರು ಲೋಟವೂ ಬಿತ್ತು, ಹಗ್ಗ ಕಾಲಿಗೆ ಸುತ್ತಿಕೊಂಡು ಟೀ ಅಂಗಡಿಯವನೂ ಬಿದ್ದ. ನಾಯಿ ಸಿಕ್ಕ ಮೇಲೆ ಕಿವಿಯ ಹಿಂದೆ ನೋಡಿದರೆ, ಅಷ್ಟು ಜನರಲ್ಲಿ ಬೀಳದೆ ಉಳಿದಿದ್ದು ಉಣ್ಣಿ ಒಂದೇ.

ಸಾಲಾಗಿ ಎಂಟು

ಹೊಸದಾಗಿ ಮದುವೆಯಾದ ಹುಡುಗನೊಬ್ಬ ಮಾವನ ಮನೆಯ ನಾಯಿಯನ್ನು ಎತ್ತಿಕೊಂಡು ಬಂದ. ಮಾವನ ಎದುರು ಭೇಷ್ ಅನ್ನಿಸಿಕೊಳ್ಳುವ ಆತುರ.

"ಆಚಾರ್ರೇ, ಬೆಳಿಗ್ಗಿಂದ ಎಳೀತಾ ಇವ್ನಿ, ಒಂದೂ ಬರ್ತಾ ಇಲ್ಲ. ಒಟ್ಟೆ ಮೇಲೆ ಎಂಟವೆ. ಎಂಗ್ ಕೂತವೆ ನೋಡಿ, ಆ ಕಡ್ಗ ನಾಕು, ಈ ಕಡ್ಗ ನಾಕು!"

ಪಾಪದ ನಾಯಿ ಅವನ ಕಡೆ ನೋಡುವುದನ್ನೇ ಬಿಟ್ಟಿತ್ತು. ನಾನು ಭೂತಗನ್ನಡಿಯಲ್ಲಿ ನೋಡಿದೆ. ಇನ್ನೊಮ್ಮೆ ನೋಡಿದೆ.

"ಅಪ್ಪಾ, ಇವು ಉಣ್ಣಿ ಅಲ್ಲ. ಮೊಲೆತೊಟ್ಟು."

ಅವನು ಒಪ್ಪಲಿಲ್ಲ. "ಏನ್ ಆಚಾರ್ರೇ, ನಂಗ ಅಷ್ಟೂ ಗೊತ್ತಾಗಕಿಲ್ವಾ? ಇದು ಗಂಡು ನಾಯಿ. ಗಂಡಿಗ ಎಲ್ಲಾದ್ರೂ ಇರ್ತದಾ?"

"ಮನೆಗೆ ಓಗಿ ಅಂಗಿ ಬಿಚ್ಚಿ ಕನ್ನಡೀಲಿ ನೋಡ್ಕೊ" ಅಂದೆ.

ಬೂದು ಮಣಿ

ಕಿತ್ತ ಉಣ್ಣಿಯನ್ನು ಎಲ್ಲೆಂದರಲ್ಲಿ ಎಸೆಯಬಾರದು. ಸ್ಪಿರಿಟ್ ತುಂಬಿದ ಸಣ್ಣ ಶೀಶೆಗೆ ಹಾಕಿ ಮುಚ್ಚಬೇಕು. ಆ ಶೀಶೆಯನ್ನು ಇಡಲು ಜಾಗವಿಲ್ಲದೆ ಗಾಜಿನ ಪೆಟ್ಟಿಗೆಯಲ್ಲಿ ಹವಳ, ಕರಿಮಣಿಗಳ ಪಕ್ಕ ಇಟ್ಟಿದ್ದೆ. ತಪ್ಪು ನನ್ನದೇ.

ಸರ ಪೋಣಿಸಲು ಕೊಟ್ಟಿದ್ದ ಹೆಂಗಸೊಬ್ಬರು ಬಂದರು. ಗಾಜಿನೊಳಗೆ ಬಗ್ಗಿ ನೋಡಿ ಅವರ ಮುಖ ಅರಳಿತು. ರಕ್ತ ಕುಡಿದು ಊದಿದ ಉಣ್ಣಿ ನೋಡಲು ಬೂದು ಬಣ್ಣದ ನುಣುಪು ಮಣಿಯೇ.

"ಇವು ಒಸ ಮಣಿಯಾ ಆಚಾರ್ರೇ? ಕರಿಮಣಿ ಮಧ್ಯ ಮಧ್ಯ ಈ ಬೂದುದ್ನ ಆಕ್ಕೊಡಿ. ನಮ್ ಓರಗಿತ್ತಿ ಕಣ್ ಬಿಟ್ಕಂಡ್ ನೋಡ್ಬೇಕು."

ಬೇಡ ಎಂದು ಹೇಗೆ ಹೇಳುವುದೋ ತಿಳಿಯದೆ ತಡವರಿಸುತ್ತಿದ್ದೆ. ಆಗ ತಾನೇ ಶೀಶೆಗೆ ಹಾಕಿದ್ದ ಒಂದು ಇನ್ನೂ ಪೂರ್ತಿ ಸತ್ತಿರಲಿಲ್ಲ. ಅವರೇ ಶೀಶೆಯನ್ನು ತೆಗೆದು ಬೆಳಕಿಗೆ ಹಿಡಿದಿದ್ದೇ ತಡ, ಮಣಿಗೆ ಎಂಟು ಕಾಲು ಬಂತು. ಆ ಸರವನ್ನು ಅವರ ಗಂಡ ಬಂದು ಒಯ್ದರು. ಹೆಂಗಸು ಈಗಲೂ ನನ್ನ ಅಂಗಡಿ ಬಂದರೆ ರಸ್ತೆಯ ಆ ಬದಿಗೆ ದಾಟುತ್ತಾರೆ.

ಅಮ್ಮಾವ್ರ ನಾಯಿ

ಗೆಟ್ಟವಾಡಿಯಲ್ಲಿ ದೊಡ್ಡ ಹಿಡುವಳಿಯ ಅಮ್ಮಾವ್ರೊಬ್ಬರಿದ್ದಾರೆ. ಎಪ್ಪತ್ತು ದಾಟಿದ ಜೀವ, ಹಣೆ ತುಂಬ ವಿಭೂತಿ, ಮೂಗಿನಲ್ಲಿ ಹಳೆಯ ಕೆಂಪು ಹರಳಿನ ಬೊಟ್ಟು. ಅವರ ಮನೆಯ ಒಡವೆಯೆಲ್ಲ ನನ್ನ ಕೈಯದೇ. ಅವರು ಒಂದು ಮಾತು ಅಂದರೆ ಸುತ್ತಿನ ಹತ್ತು ಊರಿಗೆ ಅದೇ ಮಾತು. ಈ ಕೈ ಸರಿಯಿಲ್ಲ ಎಂದು ಅವರು ಅಂದ ದಿನ ನಾನು ಬಾಗಿಲು ಹಾಕಬೇಕು.

ಅವರು ಮೂರು ತಿಂಗಳಿನಿಂದ ಸಂತೆಗೆ ಬಂದಾಗಲೆಲ್ಲ ಆಟೋದಲ್ಲಿ ನಾಯಿಯನ್ನು ತರುತ್ತಿದ್ದರು. ಕರುವಿನಷ್ಟು ದೊಡ್ಡದು. ನಾನು ಉಣ್ಣಿ ಹುಡುಕುವಾಗ ಅಮ್ಮಾವ್ರು ನಾಯಿಯ ಕಡೆ ನೋಡುತ್ತಲೇ ಇರಲಿಲ್ಲ. ಕಣ್ಣು ಕಿರಿದು ಮಾಡಿಕೊಂಡು, ಕತ್ತು ಮುಂದೆ ಚಾಚಿ, ನನ್ನ ಕೈಯನ್ನೇ ನೋಡುತ್ತಿದ್ದರು. ನನ್ನ ನಡುಕ ಕಂಡುಹಿಡಿದರು ಅಂತಲೇ ಅಂದುಕೊಂಡೆ.

ಒಂದು ದಿನ ಎಷ್ಟು ಹುಡುಕಿದರೂ ಒಂದೂ ಸಿಗಲಿಲ್ಲ. "ಅಮ್ಮಾವ್ರೇ, ಇದ್ರ ಮೈಲಿ ಉಣ್ಣಿ ಇಲ್ಲ."

"ಇಲ್ದೆ ಇದ್ರ ಏನಂತೆ? ಕೀಳು ಕಣ, ನೋಡವ" ಅಂದರು.

ಕಚ್ಚಿದ್ದು ಯಾರು?

ಗುಟ್ಟು ಮುಂದಿನ ಸಂತೆಗೆ ಬಯಲಾಯಿತು. ಅಮ್ಮಾವ್ರ ಕಣ್ಣಿಗೆ ಆಪರೇಷನ್ ನಿಗದಿಯಾಗಿತ್ತು. ಮೈಮೇಲೆ ಒಡವೆ ಇರಬಾರದು ಎಂದು ಚಾಮರಾಜನಗರದ ಕಡೆಯ ಆಸ್ಪತ್ರೆಯವರು ಹೇಳಿದ್ದರಂತೆ. ಮೂಗುಬೊಟ್ಟಿನ ತಿರುಪು ಅರವತ್ತು ವರ್ಷದಿಂದ ಕೂತು ಕೂತು ಮೂಗಿಗೆ ಕಚ್ಚಿಕೊಂಡುಬಿಟ್ಟಿತ್ತು.

"ಮೂರು ತಿಂಗ್ಳಿಂದ ನಿನ್ ಕೈ ನೋಡ್ತಾ ಇವ್ನಿ ಆಚಾರಿ. ನಾಯಿ ಒಂದ್ಸಲಾನೂ ಕುಂಯ್ ಅನ್ನಿಲ್ಲ, ನಿನ್ ಕೈ ಒಂದ್ಸಲಾನೂ ಅಲ್ಲಾಡ್ನಿಲ್ಲ. ನನ್ ಮೂಗ ನಿಂಗೇ ಕೊಡದು. ಆದ್ರ ನಾಯಿ ಚಿಮ್ಟ ಮುಟ್ಟಿಸ್ಬ್ಯಾಡ, ಬ್ಯಾರೇದು ತಕ್ಕೊ."

ಕೈ ಅಲ್ಲಾಡಲಿಲ್ಲವಂತೆ! ದೇವರು ದೊಡ್ಡವನು ಅಂದುಕೊಂಡೆ. ಹೊಸ ಚಿಮಟ ತೆಗೆದು ಕುದಿಯುವ ನೀರಿನಲ್ಲಿ ಅದ್ದಿದೆ, ತಿರುಪಿಗೆ ಕೊಬ್ಬರಿ ಎಣ್ಣೆ ಬಿಟ್ಟೆ, ಭೂತಗನ್ನಡಿ ಸಿಕ್ಕಿಸಿದೆ. ನಾಯಿ ಕಾಲ ಬಳಿ ಮಲಗಿತ್ತು. ಎಡಗೈ ಹೆಬ್ಬೆರಳಿನಿಂದ ಅಮ್ಮಾವ್ರ ತುಟಿಯನ್ನು ಸ್ವಲ್ಪ ಒತ್ತಿ ಹಿಡಿದು, ತಿರುಪು ಸಡಿಲಿಸಿ, ಅಭ್ಯಾಸ ಬಲದಿಂದ ಅದೊಂದನ್ನೇ ನೋಡುತ್ತ ನೆಟ್ಟಗೆ ಎಳೆದೆ.

ಮೂತಿ ನೋಡದ ಅಭ್ಯಾಸವೇ ಮುಳುವಾಯಿತು. ಇಷ್ಟು ನಾಯಿಗಳಲ್ಲಿ ಒಂದೂ ಮಾಡದ ಕೆಲಸವನ್ನು ಅಮ್ಮಾವ್ರು ಮಾಡಿದರು. ಬೊಟ್ಟು ನನ್ನ ಬಲಗೈಯಲ್ಲಿ, ನನ್ನ ಎಡ ಹೆಬ್ಬೆರಳು ಅವರ ಬಾಯಲ್ಲಿ.

ಬಿಟ್ಟ ಮೇಲೆ ಅವರಿಗೇ ನಾಚಿಕೆಯಾಯಿತು. "ನೋವ್ಗ ಅಂಗಾಗೋಯ್ತು ಕಣ. ಕೇಳ್ದೋರ್ಗ ನಾಯಿ ಕಚ್ತು ಅನ್ಬುಡು."

ಸರ್ಕಾರಿ ಆಸ್ಪತ್ರೆಯ ನರ್ಸಮ್ಮ ಪುಸ್ತಕ ಬಿಚ್ಚಿದರು. "ಏನು ಕಚ್ಚಿದ್ದು?"

"ನಾಯಿ."

"ಬೀದಿದಾ, ಸಾಕಿದ್ದಾ?"

"ಸಾಕಿದ್ದು."

"ಹಾಗಾದರೆ ನಿಮಗೆ ಇವತ್ತಿಂದಲೇ ಸೂಜಿ. ನಾಯೀನ ಕಟ್ಟಿಹಾಕಿ ಹತ್ತು ದಿನ ನೋಡಬೇಕು. ಆಮೇಲೆ ಅದನ್ನ ಯಾರ ಹತ್ತಿರಾನೂ ಬಿಡಬೇಡಿ."

ತಿರುಗಿ ನೋಡಿದೆ. ಆ ನಾಯಿ ಅಂಗಡಿಯಿಂದ ನನ್ನ ಹಿಂದೆಯೇ ಬಂದು ಆಸ್ಪತ್ರೆಯ ಬಾಗಿಲಲ್ಲಿ ಕೂತಿತ್ತು. ಮೊದಲ ಸಲ ಅದರ ಮೂತಿಯನ್ನು ಸರಿಯಾಗಿ ನೋಡಿದೆ. ನನ್ನನ್ನು ಬಿಟ್ಟರೆ ಇನ್ನಾರೂ ಗತಿಯಿಲ್ಲ ಅನ್ನುವ ಹಾಗೆ ನೋಡುತ್ತಿತ್ತು. ಆಯುಸ್ಸೆಲ್ಲ ನಾಯಿಗೆ ಹೆದರಿದವನು ಅವತ್ತು ನಾಯಿಯ ಪರ ನಿಂತೆ.

"ನಾಯಿ ಅಲ್ಲ ಕಣಮ್ಮ."

"ಮತ್ತೇನು?"

"ಗೆಟ್ಟವಾಡಿ ಅಮ್ಮಾವ್ರು."

ಬರೆಯುತ್ತಿದ್ದ ಪೆನ್ನು ನಿಂತಿತು. ನರ್ಸಮ್ಮ ಗಾಯವನ್ನು ಬೆಳಕಿಗೆ ಹಿಡಿದು ನೋಡಿ, "ಹಲ್ಲು ಅವರ ಸ್ವಂತದ್ದಾ?" ಎಂದು ಕೇಳಿದರು. ಗಾಯ ತೊಳೆದು, ಒಂದು ಸೂಜಿ ಹಾಕಿ, ಪಟ್ಟಿ ಕಟ್ಟಿ, ನಗು ತಡೆಯಲಾರದೆ, "ಆದರೂ ಹತ್ತು ದಿನ ನೋಡಿ" ಅಂದರು. ನಾನು ಗೆಟ್ಟವಾಡಿಯಿಂದ ಬಂದವರನ್ನೆಲ್ಲ ವಿಚಾರಿಸುತ್ತಲೇ ಇದ್ದೆ. ಅಮ್ಮಾವ್ರು ಹೊತ್ತು ಹೊತ್ತಿಗೆ ಉಣ್ಣುತ್ತಿದ್ದರು, ನೀರು ಕಂಡರೆ ಹೆದರುತ್ತಿರಲಿಲ್ಲ.

ಪೊರೆ ತೆಗೆದ ಮೇಲೆ

ಆಪರೇಷನ್ ಆಗಿ, ಕಪ್ಪು ಕನ್ನಡಕದ ದಿನಗಳೂ ಮುಗಿದು, ಅಮ್ಮಾವ್ರು ಬೊಟ್ಟು ಮತ್ತೆ ಹಾಕಿಸಿಕೊಳ್ಳಲು ಬಂದರು. ಜೊತೆಗೆ ನಾಯಿ. ಅಂಗಡಿಯಲ್ಲಿ ತಾಳಿ ಮಾಡಿಸಲು ಬಂದ ಒಂದು ಮನೆಯವರೂ ಕೂತಿದ್ದರು.

"ನನ್ ಎಸ್ರ ಕಳ್ದು ನಾಯಿ ಎಸ್ರ ಉಳ್ಸಿದಿಯಂತೆ. ಇರ್ಲಿ ಬುಡು" ಅನ್ನುತ್ತ ಕೂತರು.

ಚಿಮಟದಲ್ಲಿ ಬೊಟ್ಟು ಹಿಡಿದೆ. ಈ ಕಡೆ ನಾಯಿ, ಆ ಕಡೆ ಅಮ್ಮಾವ್ರು. ಕೈ ನಡುಗದೆ ಏನು ಮಾಡೀತು?

ಅಮ್ಮಾವ್ರು ಕಣ್ಣು ಅಗಲಿಸಿದರು. "ಇದ್ಯಾಕ್ಲಾ ಆಚಾರಿ, ಕೈ ಇಂಗ್ ನಡುಗ್ತಾ ಅದ? ಮೊದ್ಲು ನೆಟ್ಟಗಿತ್ತಲ್ಲ!"

ತಾಳಿಯವರು ಕತ್ತು ಎತ್ತಿ ನೋಡಿದರು. ಚಳಿ ಅನ್ನೋಣ ಎಂದು ಬಾಯಿ ತೆರೆದೆ. ಹೊರಗೆ ಬಿಸಿಲು ಸುಡುತ್ತಿತ್ತು. ಸಾಕಾಗಿ ಹೋಗಿತ್ತು ನನಗೂ.

"ಮೊದ್ಲಿಂದ್ಲೂ ನಡುಗ್ತಿತ್ತು ಅಮ್ಮಾವ್ರೇ. ನಾಯಿ ಕಂಡ್ರ ನಂಗ ಭಯ. ಆಗ ನಿಮ್ಮ ಕಣ್ಣಲ್ಲಿ ಪೊರೆ ಇತ್ತು."

ಅಮ್ಮಾವ್ರು ನನ್ನ ಕೈ ನೋಡಿದರು, ನಾಯಿ ನೋಡಿದರು, ಆಮೇಲೆ ಮೈ ಕುಲುಕಿ ಕುಲುಕಿ ನಕ್ಕರು. ತಾಳಿಯವರ ಕಡೆ ತಿರುಗಿ, "ಕೇಳಿದ್ರಾ? ನಡುಗೋ ಕೈಲೇ ಅರವತ್ತು ವರ್ಷದ್ ಬೊಟ್ಟ ಒಂದ್ ತೊಟ್ಟು ರಕ್ತ ಬರ್ದಂಗ ತಗ್ದವ್ನೆ. ನಿಮ್ ತಾಳಿ ಕೆಲ್ಸಕ್ಕ ನಾಯಿ ಬರಕಿಲ್ಲ, ಧೈರ್ಯವಾಗಿ ಕೊಡಿ" ಅಂದರು.

"ರಕ್ತ ಬಂತಲ್ಲ ಅಮ್ಮಾವ್ರೇ, ನನ್ನ ಕೈಲಿ" ಅಂದೆ.

"ಅದ್ಕೇ ತಂದಿವ್ನಿ ಕಣ" ಎಂದು ಚೀಲದಿಂದ ಒಂದು ಟವೆಲ್ ತೆಗೆದು, ತಮ್ಮ ಬಾಯಿಗೆ ತಾವೇ ಬಿಗಿಯಾಗಿ ಕಟ್ಟಿಕೊಂಡು, ಮೂಗು ಮುಂದೆ ಮಾಡಿದರು. ಅದನ್ನು ನೋಡಿದ ನಾಯಿ ಎದ್ದು ಎರಡು ಹೆಜ್ಜೆ ದೂರ ಹೋಗಿ ಕೂತುಕೊಂಡಿತು.