ಮೈ ಏನಂತದರಿ?

ಜನರ ಮನಸ್ಸಿನ ಮಾತು ಕೇಳುವುದು ನನ್ನ ಉದ್ಯೋಗ. ಸೊಲ್ಲಾಪುರದಲ್ಲಿ ಒಂದು ಸಣ್ಣ ಖೋಲಿ, ಎರಡು ಕುರ್ಚಿ, ಒಂದು ಚಾಪೆ. ಗುರುವಾರ ಮಾತ್ರ ಅಕ್ಕಲಕೋಟೆಗೆ ಹೋಗಿ ಅಲ್ಲಿ ಕೇಳುತ್ತೇನೆ. ಬರುವವರೆಲ್ಲ ಭಾರ ಹೊತ್ತೇ ಬರುತ್ತಾರೆ. ಆದರೂ ನಗು ತಡೆಯಲು ನಾನು ಕಿಟಕಿಯಾಚೆ ನೋಡಬೇಕಾದ ಪ್ರಸಂಗ ವಾರಕ್ಕೊಂದಾದರೂ ಬಂದೇ ಬರುತ್ತದೆ. ಕಾರಣ, ನಾನು ಎಲ್ಲರಿಗೂ ಕೇಳುವ ಒಂದು ಪ್ರಶ್ನೆ: "ಮೈ ಏನಂತದರಿ?" ಸಿಟ್ಟು, ಅಂಜಿಕೆ, ದುಃಖ ಮೊದಲು ತಿಳಿಯುವುದು ಮೈಗೆ. ಗಂಟಲು ಕಟ್ಟುತ್ತದೆ, ಹೆಗಲು ಬಿಗಿಯುತ್ತದೆ. ಅದನ್ನು ಗುರುತು ಹಿಡಿದರೆ ಅರ್ಧ ಕೆಲಸ ಆದಂತೆ. ಇದು ನಾನು ಓದಿ ಬಂದದ್ದು. ನನ್ನ ಮುಂದೆ ಕೂಡುವವರು ಬೇರೆ ಏನೋ ಓದಿಕೊಂಡು ಬಂದಿರುತ್ತಾರೆ.

ಹೇಳಬಹುದೆಂದು ಅವರೇ ಒಪ್ಪಿದ್ದನ್ನಷ್ಟೇ ಇಲ್ಲಿ ಹೇಳುತ್ತೇನೆ.

ಸಿಟ್ಟಿನ ಠಿಕಾಣಿ

ಚಪಳಗಾಂವ ಕಡೆಯ ಒಬ್ಬ ಹಿರಿಯ ರೈತರನ್ನು ಅವರ ಹೆಂಡತಿ ಕರೆದುಕೊಂಡು ಬಂದಿದ್ದರು.

"ಇವರ ಸಿಟ್ಟು ಕಡಿಮಿ ಮಾಡ್ರಿ ಮ್ಯಾಡಮ್. ಇವರು ಒದರಿದ್ರ ಎತ್ತು ಸುದ್ದಾ ಮೇವು ಬಿಡ್ತಾವ."

ನಾನು ಅವರಿಗೆ ಕಣ್ಣು ಮುಚ್ಚಲು ಹೇಳಿ ಕೇಳಿದೆ: "ಕಾಕಾ, ಸಿಟ್ಟು ಬಂದಾಗ ಮೈಯಾಗ ಎಲ್ಲಿ ಗೊತ್ತಾಗ್ತದ ನೋಡ್ರಿ. ಎದಿಯಾಗೋ, ಹೊಟ್ಟಿಯಾಗೋ?"

ಅವರು ಕಳೆದ ಹಗ್ಗ ಹುಡುಕುವವರಂತೆ ಬಹಳ ಹೊತ್ತು ಹುಡುಕಿದರು. "ಎದಿ ಆರಾಮ ಅದ. ಹೊಟ್ಟಿನೂ ಆರಾಮ ಅದ." ಕೊನೆಗೆ ಸಿಕ್ಕೇಬಿಟ್ಟಿತು. ಕಣ್ಣು ತೆರೆದು ಹೆಂಡತಿಯ ಕಡೆ ಬೆರಳು ತೋರಿಸಿದರು. "ಇಕಿ ತಲ್ಯಾಗರಿ! ನನಗ ಸಿಟ್ಟು ಬಂತಂದ್ರ ಇಕಿ ತಲಿ ಹಿಡೀತದ."

"ಮತ್ತ!" ಎಂದರು ಆಕೆ. "ಸಿಟ್ಟು ಇವರದು, ಗುಳಿಗಿ ನಾ ನುಂಗಾಕತ್ತೀನಿ!"

ಮೊಣಕಾಲಿನ ತನಕ

ಹೋಟಗಿಯ ಒಬ್ಬರು ರೈಲ್ವೆಯಲ್ಲಿ ಪಾಳಿ ಮಾಡಿ ಮಾಡಿ ನಿವೃತ್ತರಾಗಿದ್ದರು. ಕೆಲಸ ಬಿಟ್ಟಿತು, ನಿದ್ದೆಯೂ ಬಿಟ್ಟಿತು. "ಕಣ್ಣು ಮುಚ್ಚಿದ್ರ ಗಾಡಿ ಬಂದಂಗ ಆಗ್ತದರಿ. ಎದ್ದು ಕೂಡ್ತೀನಿ" ಎನ್ನುವಾಗ ಅವರ ದನಿ ಸೋತಿತ್ತು.

ಚಾಪೆಯ ಮೇಲೆ ಮಲಗಿಸಿದೆ. ಕಾಲಿನಿಂದ ತಲೆಯ ತನಕ ಒಂದೊಂದೇ ಅಂಗದ ಮೇಲೆ ಗಮನ ಇಟ್ಟು ಸಡಿಲ ಬಿಡುವ ಅಭ್ಯಾಸ ಅದು. "ಬಲಗಾಲಿನ ಹೆಬ್ಬೆರಳು... ಹಿಮ್ಮಡಿ... ಈಗ ಮೊಣಕಾಲು..." ಅಷ್ಟರಲ್ಲೇ ಗೊರಕೆ. ಎಬ್ಬಿಸಲು ಮನಸ್ಸು ಬರಲಿಲ್ಲ. ಚಾದರ ಹೊದಿಸಿ ಒಂದು ತಾಸು ಸುಮ್ಮನೆ ಕೂತೆ.

ಹೆಗಲು ಮುಟ್ಟಿದಾಗ ಗಡಬಡಿಸಿ ಎದ್ದರು. "ಎಲ್ಲಿ ತನಕ ಬಂದಿತ್ರಿ?"

"ಮೊಣಕಾಲಿನ ತನಕ ಬಂದಿತ್ತು ಅಣ್ಣಾರ."

ಗಡಿಯಾರ ನೋಡಿ ಮುಖ ಗಂಭೀರ ಮಾಡಿದರು. "ಮೊಣಕಾಲಿಗೇ ಒಂದು ತಾಸು ಲೇಟ್!"

ಹದಿನೈದು ದಿನ ಬಿಟ್ಟು ಬಂದಾಗ ಮುಖ ತಿಳಿಯಾಗಿತ್ತು, ಕಣ್ಣ ಕೆಳಗಿನ ಕಪ್ಪು ಕಡಿಮೆಯಾಗಿತ್ತು. ಆದರೂ ತಪ್ಪು ಮಾಡಿದವರಂತೆ ತಲೆ ತಗ್ಗಿಸಿ ಹೇಳಿದರು: "ದಿನಾ ಮಾಡಾಕತ್ತೀನ್ರಿ ಮ್ಯಾಡಮ್. ಖರೇ ಹೇಳ್ತೀನಿ, ಇನ್ನೂ ಒಂದು ದಿನಾನೂ ಮೊಣಕಾಲು ದಾಟಿಲ್ಲ."

ಅದಿ, ಅದೀರಿ

ಚಿಂಚೋಳಿ ಎಂಐಡಿಸಿ ಕೈಗಾರಿಕಾ ವಸಾಹತಿನ ಕಾರಖಾನೆಯಲ್ಲಿ ಪ್ಯಾಕಿಂಗ್ ಮಾಡುವ ಹೆಣ್ಣುಮಗಳು. ಮುಂದಿನ ಹಲ್ಲು ಸ್ವಲ್ಪ ಉಬ್ಬು. ಸಣ್ಣಾಕೆ ಇದ್ದಾಗಿನಿಂದ ಜನ ಅದಕ್ಕೆ ಅಡ್ಡಹೆಸರಿಟ್ಟು ಆಡಿಕೊಂಡಿದ್ದರಿಂದ, ನಗು ಬಂದರೆ ಸೆರಗು ತಾನಾಗಿ ಬಾಯಿಗೆ ಹೋಗುತ್ತಿತ್ತು. ಕೆಲಸದ ಜಾಗದಲ್ಲಿ ಊಟಕ್ಕೂ ಒಬ್ಬಳೇ ಕೂಡುತ್ತಿದ್ದಳು.

ನಾನು ಮನೆಪಾಠ ಕೊಟ್ಟೆ. ದಿನಾ ಕನ್ನಡಿ ಮುಂದೆ ಸೆರಗಿಲ್ಲದೆ ನಿಂತು, ತನಗೆ ತಾನೇ "ನೀ ಹ್ಯಾಂಗದಿ ಹಂಗೇ ಚಂದ ಅದಿ" ಎನ್ನಬೇಕು.

ಮನೆಗೆಲ್ಲ ಇದ್ದದ್ದು ಒಂದೇ ಕನ್ನಡಿ. ಅದರ ಬುಡದಲ್ಲಿ ಅತ್ತೆ ಕೂತು ಶೇಂಗಾ ಸುಲಿಯುತ್ತಿದ್ದರು. ನಾಲ್ಕು ದಿನ ಕಾದಳು. ಐದನೆಯ ದಿನ ಅತ್ತೆ ಬೆನ್ನು ತಿರುಗಿಸಿದ್ದಾಗ ಧೈರ್ಯ ಮಾಡಿ ಅಂದೇಬಿಟ್ಟಳು. ಶೇಂಗಾ ಸುಲಿಯುವ ಸಪ್ಪಳ ನಿಂತಿತು.

"ಯಾರಿಗಂದಿ?"

ನನಗೆ ನಾನೇ ಅಂದುಕೊಂಡೆ ಎಂದರೆ ಹುಚ್ಚು ಹಿಡಿದಿದೆ ಅಂದಾರು. ಬಾಯಿಗೆ ಬಂದದ್ದು ಹೇಳಿದಳು: "ನಿಮಗೇರಿ ಅತ್ತಿ."

ಅತ್ತೆ ಕೈಯಲ್ಲಿದ್ದ ಶೇಂಗಾ ಕೆಳಗಿಟ್ಟು ತಿರುಗಿ ನೋಡಿದರು. ಆಮೇಲೆ, "ಅತ್ತಿಗೆ 'ಅದಿ' ಅಂತಾರೇನು? 'ಅದೀರಿ' ಅನ್ನಬೇಕು."

"ತಪ್ಪಾತ್ರಿ."

"ಇರಲಿ ಬಿಡು. ಚಂದ ಅಂದೀಯಲ್ಲ."

ಮರುದಿನ ಅತ್ತೆ ತಲೆ ಬಾಚಿಕೊಂಡು, ಒಳ್ಳೆಯ ಸೀರೆ ಉಟ್ಟು ಕನ್ನಡಿ ಬುಡದಲ್ಲಿ ಹಾಜರು. ಚಹಾ ಕುಡಿದರೂ ಏಳಲಿಲ್ಲ. "ಯಾಕ, ಇವತ್ತ ಏನೂ ಅನ್ನಲೇ ಇಲ್ಲಲ್ಲ?"

ಇದನ್ನು ಹೇಳುತ್ತ ಆಕೆ ಬಾಯ್ತುಂಬ ನಗುತ್ತಿದ್ದಳು. ಸೆರಗು ಹೆಗಲ ಮೇಲೆಯೇ ಇತ್ತು. ನಾನು ಗಮನಿಸಿದೆ, ಆಕೆ ಗಮನಿಸಲಿಲ್ಲ. "ಈಗ ದಿನಾ ಇಬ್ಬರಿಗೂ ಹೇಳ್ತೀನ್ರಿ ಮ್ಯಾಡಮ್. ಅವರಿಗೆ 'ಅದೀರಿ', ನನಗ 'ಅದಿ'."

ಖರೇ ಭಾಷಣ

ಇನ್ನೊಂದು ನನ್ನದೇ. ಅಕ್ಕಲಕೋಟೆಯ ಮಹಿಳಾ ಮಂಡಳದವರು ಭಾಷಣಕ್ಕೆ ಕರೆದಿದ್ದರು. ವಿಷಯ: ನಮ್ಮ ಮೈಯನ್ನು ನಾವು ಒಪ್ಪಿಕೊಳ್ಳುವುದು. ಫೋಟೋ ತೆಗೆಯುತ್ತಾರೆಂದು ನಾನು ಇಳಕಲ್ ಸೀರೆಯೊಳಗೆ ಹೊಟ್ಟೆ ಬಿಗಿಯುವ ವೆಲ್ಕ್ರೋ ಪಟ್ಟಿ ಸುತ್ತಿಕೊಂಡು ಹೋಗಿದ್ದೆ. ಸಾಲದ್ದಕ್ಕೆ ಉಸಿರನ್ನೂ ಹಿಡಿದು ನಿಂತಿದ್ದೆ.

ಭಾಷಣ ಚೆನ್ನಾಗಿ ನಡೆಯಿತು. ಕೊನೆಗೆ ಎಲ್ಲರಿಗೂ ಹೇಳಿದೆ: "ಕಣ್ಣು ಮುಚ್ಚಿ ಹೊಟ್ಟಿ ಮ್ಯಾಲೆ ಕೈ ಇಡ್ರಿ. ಉಸಿರು ಬಿಡ್ರಿ. ಹೊಟ್ಟಿ ಸಡಿಲ ಬಿಡ್ರಿ. ಅದು ಹ್ಯಾಂಗದ ಹಂಗೇ ಇರಲಿ."

ಮುಂದಿನ ಸಾಲಿನ ಮುದುಕಿಯೊಬ್ಬರು ಕಣ್ಣು ಮುಚ್ಚಿರಲಿಲ್ಲ. "ನೀನೂ ಬಿಡವ್ವಾ" ಎಂದರು. "ಆಗಿಂದ ನೋಡಾಕತ್ತೀನಿ, ಹಿಡಕೊಂಡೇ ನಿಂತಿ."

ಎಲ್ಲರೂ ಕಣ್ಣು ತೆರೆದರು. ಬೇರೆ ದಾರಿ ಇರಲಿಲ್ಲ, ಬಿಟ್ಟೆ. ಪಟ್ಟಿ 'ಚರ್‌ರ್' ಎಂದು ಬಿಚ್ಚಿಕೊಂಡಿತು. ಕೈಯಲ್ಲಿದ್ದ ಮೈಕು ಆ ಸಪ್ಪಳವನ್ನು ಸಭೆಗೆಲ್ಲ ಹಂಚಿತು.

"ಯವ್ವಾ, ಯಾರ ಸೀರಿ ಹರೀತು?" ಎಂದರು ಯಾರೋ.

ಓಡಿಹೋಗೋಣ ಅನ್ನಿಸಿತು. ಆಮೇಲೆ, ಇಷ್ಟು ಹೊತ್ತು ಹೇಳಿದ್ದೇನು, ಮಾಡುತ್ತಿರುವುದೇನು ಅನ್ನಿಸಿ ಮೈಕಿನಲ್ಲೇ ಒಪ್ಪಿಕೊಂಡೆ: "ಸೀರಿ ಅಲ್ಲರಿ. ನನ್ನ ಹೊಟ್ಟಿ ಪಟ್ಟಿ ಬಿಚ್ಚಿತು."

ಮೂರನೆಯ ಸಾಲಿನಿಂದ ಮಂಡಳದ ಅಧ್ಯಕ್ಷೆಯ ಸಣ್ಣ ದನಿ ಬಂತು: "ಮ್ಯಾಡಮ್, ಹಂಗಾದ್ರ ನಂದೂ ಬಿಚ್ಚಲೇನ್ರಿ? ಮುಂಜಾನಿಯಿಂದ ಉಸಿರು ಕಟ್ಟ್ಯದ."

'ಚರ್‌ರ್.' ಹಿಂದಿನ ಸಾಲಿನಲ್ಲಿ ಇನ್ನೊಂದು 'ಚರ್‌ರ್.' ಬಾಗಿಲ ಹತ್ತಿರ ಮತ್ತೆರಡು. ನಕ್ಕು ನಕ್ಕು ಎಲ್ಲರ ಕಣ್ಣಲ್ಲಿ ನೀರು.

ಮುದುಕಿ ಒಬ್ಬರೇ ನಗದೆ ತಮ್ಮ ತುಂಬು ಹೊಟ್ಟೆಯ ಮೇಲೆ ಕೈಯಾಡಿಸುತ್ತ ಸುತ್ತಲೂ ನೋಡಿದರು.

"ನಂದೇನು ಬಿಚ್ಚೋದದ? ನಾ ಹುಟ್ಟಿದಾಗಿಂದ ಬಿಟ್ಟೇ ಇಟ್ಟೀನಿ!"