ಬೇರಿಲ್ಲದ ಬೇವು

ಕುರುಗೋಡು ರಸ್ತೆಯಲ್ಲಿ ಆ ಎಮ್ಮೆ ಅಡ್ಡ ಬರದಿದ್ದರೆ ಅಮೀರಸಾಬ್ ತನ್ನ ಪಾಡಿಗೆ ತಾನಿರುತ್ತಿದ್ದ. ಬಳ್ಳಾರಿಯಲ್ಲಿ ಕತ್ತರಿಸಿದ ಜೀನ್ಸ್ ಬಟ್ಟೆಯನ್ನು ಸುತ್ತಲಿನ ಹೊಲಿಗೆಯವರಿಗೆ ಮುಟ್ಟಿಸುವ ಲಗೇಜ್ ಆಟೋ ಅವನದು. ಬೆಳಿಗ್ಗೆ ಎಮ್ಮೆಯನ್ನು ಉಳಿಸಲು ಹೋಗಿ ಗಾಡಿ ತಿರುಗಿಸಿದ; ಸರ್ಕಾರ ಹೊಸದಾಗಿ ನೆಡಿಸಿದ್ದ ಬೇವಿನ ಗಿಡವೊಂದು ಚಕ್ರಕ್ಕೆ ಸಿಕ್ಕಿ ಉರುಳಿತು.

ಸರ್ಕಾರಿ ಗಿಡ ಕೆಡವಿದ್ದಕ್ಕೆ ಕೇಸು ಬಿದ್ದೀತೆಂದು ಹೆದರಿ, ಯಾರೂ ನೋಡುವ ಮೊದಲೇ ಮತ್ತೆ ನೆಡಲು ಅದನ್ನು ಎತ್ತಿಕೊಂಡ. ನೋಡಿದರೆ ಬೇರೇ ಇಲ್ಲ! ಕೊಡಲಿಯಿಂದ ಕಡಿದ ಬರೀ ಕೊಂಬೆ. ಪಕ್ಕದ್ದನ್ನು ಅಲ್ಲಾಡಿಸಿದ, ಸಡಿಲವಾದ ಹಾಲುಹಲ್ಲಿನ ಹಾಗೆ ಕೈಗೇ ಬಂತು. ಸಾಲಿನುದ್ದಕ್ಕೂ ಅದೇ ಕತೆ. ಹಿಂದಿನ ದಿನವಷ್ಟೇ ದೊಡ್ಡವರು ಬಂದು ಈ ಗಿಡಗಳ ಮುಂದೆ ಫೋಟೊ ತೆಗೆಸಿಕೊಂಡು ಹೋಗಿದ್ದರು.

ಆ ಬೋಳು ರಸ್ತೆಯಲ್ಲಿ ವರ್ಷಗಟ್ಟಲೆ ಬಿಸಿಲು ಹೊತ್ತು ಓಡಾಡಿದವನಿಗೆ ನೆರಳಿನ ಆಸೆಯಿತ್ತು. ಹೊಟ್ಟೆ ಉರಿಯಿತು. ಎರಡು ಕೊಂಬೆಗಳನ್ನು ಗಾಡಿಗೆ ಹಾಕಿಕೊಂಡು, ಸರ್ಕಾರಿ ಕೆಲಸದ ಮೋಸದ ಬಗ್ಗೆ ದೂರು ತೆಗೆದುಕೊಳ್ಳುವ ಬಳ್ಳಾರಿಯ ಕಚೇರಿಗೆ ಬಂದ.

"ಭಾಳ ಚಲೋ ಕೆಲಸ ಮಾಡೀರಿ. ನಿಮ್ಮ ಹೆಸರು ಗಾಳಿಗೂ ಗೊತ್ತಾಗಂಗಿಲ್ಲ," ಎಂದರು ಸಾಹೇಬರು.

ದೂರಿಗೆ ಸಹಿ ಹಾಕಿ ಹೊರಗೆ ಬಂದು ಬೆವರು ಒರೆಸಿಕೊಳ್ಳುವಷ್ಟರಲ್ಲಿ, ವರಾಂಡದ ಆ ತುದಿಯಿಂದ ಜವಾನ ಕೂಗಿದ: "ಗುಟ್ಟಿನ ದೂರು ಕೊಟ್ಟ ಅಮೀರಸಾಬ್ ಯಾರ್ರೀ? ಆಧಾರ್ ಕಾರ್ಡ್ ಇಲ್ಲೇ ಬಿಟ್ಟೀರಿ."

ಪಾರ್ವತಿನಗರದ ಹಿಂದಿನ ತನ್ನ ಓಣಿಯನ್ನು ಅವನು ಮುಟ್ಟುವುದರೊಳಗೆ ಸುದ್ದಿ ಮುಟ್ಟಿತ್ತು. ಸಿರುಗುಪ್ಪದಿಂದ ಹೆಂಡತಿಯ ತಮ್ಮ ಫಾರೂಕನ ಫೋನು. "ಭಾಯಿ, ಆ ಗಿಡ ನೆಟ್ಟ ಗುತ್ತಿಗೆದಾರ ನಮ್ಮೂರಾವ. ನಿಮ್ಮ ಹೆಸರು ವಿಚಾರಸಾಕತ್ಯಾನ. ನಾವು ಬೀಗರು ಅಂತ ನಾ ಹೇಳಿಲ್ಲ, ನೀವೂ ಹೇಳಬ್ಯಾಡ್ರಿ."

"ಎಮ್ಮಿ ಉಳಿಸಿದ್ರಿ, ಅಲ್ಲಿಗೇ ಬಿಡಬೇಕಿತ್ತು," ಎಂದು ಖಾತೂನ್ ಗಂಡನ ಮುಂದೆ ಚಹಾ ಕುಕ್ಕಿದಳು.

ಎದುರುಮನೆಯ ಎರ್ರಣ್ಣ ಧೈರ್ಯ ಹೇಳಲು ಬಂದ. "ಈಗ ಕಾನೂನು ಐತಂತ ಅಮೀರಣ್ಣ. ದೂರು ಕೊಟ್ಟಾವ್ರ ಬಾಗಲಕ್ಕ ಪೊಲೀಸ್ ಕಾವಲು ಹಾಕ್ತಾರಂತ."

ಮೂಲೆಮನೆಯ ಜಂಬಮ್ಮನಿಗೆ ಬೇರೆಯದೇ ಚಿಂತೆ. "ನಮ್ಮ ಓಣಿ ನಳದ ಕೆಲಸದಾಗೂ ಸರ್ಕಾರಕ್ಕ ಟೋಪಿ ಹಾಕ್ಯಾರಪ. ಅದನ್ನೂ ಬರದು ಕೊಟ್ಟುಬಿಡು."

"ನೀವ ಕೊಡ್ರಿ ಅಕ್ಕಾ."

"ನನ್ನ ಹೆಸರು ಹೊರಗ ಬಂದ್ರ?"

ಅಮೀರಸಾಬ್ ಗಾಂಧಿನಗರದ ವಕೀಲರಾದ ಯಶೋಧರಾ ಅವರಲ್ಲಿಗೆ ಓಡಿದ.

"ಕಾನೂನು ಐತ್ರಿ. ಎರಡು ಸಾವಿರದ ಹದಿನಾಲ್ಕರಾಗೇ ಪಾಸಾಗೇತಿ," ಎಂದರು ಅವರು. ಅವನಿಗೆ ಹೋದ ಜೀವ ಬಂದಂತಾಯಿತು. "ಆದ್ರ ಇನ್ನೂ ಜಾರಿಗಿ ಬಂದಿಲ್ಲ."

"ಯಾವಾಗ ಬರತೈತ್ರಿ?"

"ತಾರೀಖು ಕೊಟ್ಟಿಲ್ಲ. ಬರೂಕಿಂತ ಮೊದ್ಲ ಅದನ್ನ ತಿದ್ದಾಕಂತ ಇನ್ನೊಂದು ಮಸೂದೆ ತಂದಿದ್ರು. ಅದೂ ಬಿದ್ದುಹೋತು."

ನಿಶ್ಚಿತಾರ್ಥವಾಗಿಯೂ ಮುಹೂರ್ತ ಸಿಗದ ಮದುಮಗನಂಥ ಆ ಕಾನೂನನ್ನು ನಂಬಿ ಸಂಸಾರ ಮಾಡುವುದು ಹೇಗೆ? ದೂರು ವಾಪಸ್ ಪಡೆಯಲು ಸಂಜೆ ಮತ್ತೆ ಕಚೇರಿಗೆ ಹೋದ.

ಸಾಹೇಬರು ಎದ್ದು ನಿಂತು ಕೈ ಕುಲುಕಿದರು. "ಒಂದ ಮಧ್ಯಾಹ್ನದಾಗ ಎಷ್ಟು ದೂರು ಕಳಿಸೀರಿ! ಅಕ್ಷರ ಒಂದೊಂದು ನಮೂನಿ ಅದಾವ. ಅವಸರದಾಗ ಬರದೀರೇನೋ."

ಮೇಜಿನ ಮೇಲೆ ನಳದ ದೂರು, ಅಂಗನವಾಡಿ ಮೊಟ್ಟೆಯ ದೂರು, ಬೀದಿದೀಪದ ದೂರು. ಎಲ್ಲದರ ಕೆಳಗೂ ಅಮೀರಸಾಬನದೇ ಹೆಸರು. ಅವನ ಹೆಸರು ಹೇಗೂ ಬಯಲಾಗಿದೆ, ತಮ್ಮದೇಕೆ ಎಂದು ಓಣಿಯವರು ಯೋಚಿಸಿದ್ದರು.

"ಇವು ನನ್ನವಲ್ರಿ."

ಸಾಹೇಬರ ಮುಖ ಇಳಿಯಿತು. "ಹಂಗಂದ್ರ ಬೇವಿಂದೂ ಖೊಟ್ಟಿ ಅಂತಾರ. ಗುತ್ತಿಗೆದಾರ ಅದನ್ನ ಕಾಯಾಕತ್ಯಾನ. ಆತ ಪಾರಾಗ್ತಾನ, ಕೇಸು ನಿಮ್ಮ ಮ್ಯಾಲ ಬರತೈತಿ."

ಅಮೀರಸಾಬನ ಕಣ್ಣ ಮುಂದೆ ಆ ಬೋಳು ರಸ್ತೆ ಬಂತು. "ಇರಲಿ ಬಿಡ್ರಿ. ಎಲ್ಲಾ ನನ್ನವೇ," ಎಂದ.

"ಹಂಗನ್ರಿ. ನಮ್ಮವ್ರು ಕುರುಗೋಡಿಗಿ ಹೋಗಿ ಗಿಡ ಕಿತ್ತು ನೋಡ್ಯಾರ. ಆತನ ಗುತ್ತಿಗಿ ರದ್ದಾಗತೈತಿ, ಹೊಸ ಗಿಡ ಬರತಾವ."

ಅಮೀರಸಾಬನ ಎದೆ ಅರಳಿತು. ಸಾಹೇಬರು ಕೊನೆಯ ಕಾಗದವನ್ನು ಕಣ್ಣಿಗೆ ಒತ್ತಿಕೊಂಡರು. "ಆದ್ರ ಇದು ಐತಲ್ಲ, ಇಂಥಾ ಪ್ರಾಮಾಣಿಕ ಮನಷಾನ್ನ ನಾ ಕಂಡಿಲ್ಲ." ಓದಿದರು: "ಅಮೀರಸಾಬ್ ಎಂಬ ನಾನು ತಿಳಿಸುವುದೇನೆಂದರೆ, ಇದೇ ಓಣಿಯ ಅಮೀರಸಾಬ್ ಎಂಬವನು ಲಗೇಜ್ ಪರವಾನಗಿಯ ಗಾಡಿಯಲ್ಲಿ ಮದುವೆ ಜನರನ್ನು ತುಂಬಿ ಸರ್ಕಾರಕ್ಕೆ ಮೋಸ ಮಾಡುತ್ತಿದ್ದಾನೆ."

ಮದುವೆಗೆಂದು ಆ ಗಾಡಿಯಲ್ಲಿ ಕೂತು ಹೋಗಿದ್ದವರು ಓಣಿಯವರೇ. ಅದೂ ಬಿಟ್ಟಿಯಾಗಿ.

"ಎಲ್ಲಾ ನನ್ನವೇ ಅಂದೀರಿ. ಗಾಡಿ ಜಪ್ತಿ ಮಾಡಬೇಕಾಗತೈತಿ," ಎಂದು ಸಾಹೇಬರು ಕೈ ಚಾಚಿದರು. ಅಮೀರಸಾಬ್ ಗಾಡಿಯ ಕೀಲಿಯನ್ನು ಆ ಕೈಯಲ್ಲಿಟ್ಟು ಸಿಟಿ ಬಸ್ ಹತ್ತಿದ.

ಬಸ್ಸಿನಲ್ಲಿ ಎರ್ರಣ್ಣ ಪಕ್ಕಕ್ಕೆ ಸರಿದು ಪ್ರೀತಿಯಿಂದ ಜಾಗ ಮಾಡಿಕೊಟ್ಟ.

"ಅಮೀರಣ್ಣ, ನಾಳಿ ಸಿರುಗುಪ್ಪದಾಗ ನಮ್ಮ ಹುಡುಗಿ ಸೀಮಂತ ಐತಿ. ನಿನ್ನ ಗಾಡಿ ಖಾಲಿ ಐತೇನು?"