ಎರಡು ತಾಕಿಗೆ ಒಂದೇ ನ್ಯಾಯ

ನಿಯಮ ಒಂದೇ ಇತ್ತು: ಒಂದು ತಾಕಿಗೆ ಮಾಡಿದ್ದನ್ನೇ ಇನ್ನೊಂದಕ್ಕೂ ಮಾಡಬೇಕು. ಅಡರಕಟ್ಟಿಯ ಆ ಹೊಲದಲ್ಲಿ, ಬೇಲಿಯೊಳಗೆ, ಎರಡು ತಾಕು, ಎಂದರೆ ಎರಡು ತುಂಡು ನೆಲದಲ್ಲಿ, ಗೋವಿನಜೋಳ. ಒಂದಕ್ಕೆ ಹೊರಗಿನ ಜೀನ್ ಸೇರಿಸಲಾಗಿತ್ತು, ಇನ್ನೊಂದು ಎಂದಿನ ತಳಿ. ಎರಡರ ಎಲೆಯಲ್ಲೂ ಯಾವ ಜೀನ್ ಎಷ್ಟು ಕೆಲಸ ಮಾಡುತ್ತದೆಂದು ಹೋಲಿಸುವುದು ಸಂಶೋಧನಾ ಕೇಂದ್ರದಿಂದ ಬಂದ ನಮ್ಮ ಕೆಲಸ. ಒಂದಕ್ಕೆ ಉಪಚಾರ ಹೆಚ್ಚಾದರೆ ಎಲೆಯ ಲೆಕ್ಕ ತಪ್ಪಿ, ಇಡೀ ಹಂಗಾಮಿನ ದುಡಿಮೆ ಮಣ್ಣುಪಾಲು. ಇಷ್ಟು ಸರಳ ನಿಯಮವನ್ನು ಎಲ್ಲರೂ ಮುರಿದರು, ಅದೂ ಬಲು ಪ್ರೀತಿಯಿಂದ.

ಪಂಕ್ತಿಭೇದ

ಒಂದು ಮುಂಜಾನೆ ನೋಡಿದರೆ ಎಂದಿನ ತಳಿಯ ತಾಕಿನಲ್ಲಿ ಕಾಲು ಹೂಳುವಷ್ಟು ಕೆಸರು. ಹೊಲದ ಯಜಮಾನರನ್ನು ಕರೆದು ಕೇಳಿದೆ.

"ಆ ಹೊಸಾದು ಭಾಳ ಶಾಣ್ಯಾ ಅಂತೀರಿ. ಅದು ಹೆಂಗರ ಬದುಕತೈತಿ. ಈ ಬಡಪಾಯಿಗೆ ಒಂದೀಟು ನೀರು ಜಾಸ್ತಿ ಬಿಟ್ಟೀನ್ರಿ."

"ಎರಡಕ್ಕೂ ಸಮ ಅಂತ ಹೇಳಿದ್ದೆನಲ್ಲ?"

"ಸಾಹೇಬ್ರ, ನಿಮಗ ಮಕ್ಕಳೆಷ್ಟ್ರಿ?"

"ಒಬ್ಬಳೇ ಮಗಳು."

"ಅದಕ್ಕ ನಿಮಗ ತಿಳಿಯಂಗಿಲ್ಲ, ಬಿಡ್ರಿ" ಎಂದು, ಆ ಕಡೆಗೂ ನೀರು ತಿರುಗಿಸಲು ಹೋದರು.

ದೃಷ್ಟಿ ಗಡಿಗೆ

ಮುಂದಿನ ವಾರ ಹೊಸ ತಳಿಯ ನಡುವೆ ಕೋಲಿನ ಮೇಲೆ ಸುಣ್ಣ ಬಳಿದ ಗಡಿಗೆ, ಅದಕ್ಕೆ ಮಸಿಯ ಕಣ್ಣು, ಮೀಸೆ. ಇದು ಯಜಮಾನರ ತಾಯಿಯ ಕೆಲಸ.

"ಜೀಪಿನಾಗ ಬಂದವರೆಲ್ಲಾ ಇದನ್ನ ನೋಡತಾರ. ದೃಷ್ಟಿ ಇದಕ್ಕ ತಾನ ತಗಲೂದು? ಗಡಿಗಿಯಿಂದ ಎಲಿಗೇನರ ಆಗತೈತೇನ್ರಿ?"

"ಏನೂ ಆಗುವುದಿಲ್ಲ. ತೆಗೆಯಿರಿ."

"ಏನೂ ಆಗಂಗಿಲ್ಲಂದ್ರ ಯಾಕ ತಗೀಲಿ?"

ತೆಗೆಯಲಿಲ್ಲ. ನಿಯಮ ನಿಯಮವೇ. ಲಕ್ಷ್ಮೇಶ್ವರದ ಸಂತೆಯಿಂದ ಅದೇ ಅಳತೆಯ ಗಡಿಗೆ ತಂದು, ಸುಣ್ಣ ಬಳಿದು, ನಾನೇ ಕಣ್ಣು ಮೀಸೆ ಬರೆದು ಇನ್ನೊಂದು ತಾಕಿನಲ್ಲಿ ನಿಲ್ಲಿಸಿದೆ.

ಅಜ್ಜಿ ಬಹಳ ಹೊತ್ತು ನೋಡಿದರು. "ಮಾರಿ ಥೇಟ್ ನಿಮ್ಮಂಗ ಬಂದೈತ್ರಿ. ದೃಷ್ಟಿ ಇರಲಿ, ಇನ್ನ ಹಂದಿನೂ ಈ ಕಡೆ ಬರಂಗಿಲ್ಲ."

ಸೀಗಿ ಹುಣ್ಣಿಮೆ

ಎಲೆ ಕತ್ತರಿಸುವ ದಿನವೇ ಸೀಗಿ ಹುಣ್ಣಿಮೆ. ಅಂದು ಮನೆಯ ಅಡುಗೆ ತಂದು ಭೂಮಿತಾಯಿಗೆ ನೈವೇದ್ಯವಾಗಿ ಹೊಲದ ತುಂಬ ಚರಗ ಚೆಲ್ಲುವುದು ಇಲ್ಲಿಯ ಪದ್ಧತಿ. ಬೇಲಿಯೊಳಗೆ ಚರಗ ಬೇಡವೆಂದು ಹಿಂದಿನ ದಿನ ಅಜ್ಜಿಯೊಡನೆ ದೊಡ್ಡ ಜಗಳವೇ ಆಗಿತ್ತು.

ಎರಡೂ ತಾಕಿನ ಮುಂಜಾನೆಯ ಎಲೆ ಜೀಪಿನಲ್ಲಿದ್ದ ಮಂಜುಗಡ್ಡೆಯ ಪೆಟ್ಟಿಗೆ ಸೇರಿತ್ತು. ಮಧ್ಯಾಹ್ನ ಕತ್ತರಿಸಬೇಕಾದದ್ದು ಇನ್ನೂ ಗಿಡದಲ್ಲಿತ್ತು. ಬುಟ್ಟಿ ಹೊತ್ತ ಅಜ್ಜಿ ಬೇಲಿಯ ಹೊರಗೆ ಮುಖ ಗಂಟು ಹಾಕಿ ನಿಂತಿದ್ದರು. ಅಷ್ಟರಲ್ಲಿ ಕ್ಯಾಮೆರಾದವನೊಂದಿಗೆ ನಮ್ಮ ಮೇಲಧಿಕಾರಿ ಬಂದಿಳಿದರು.

"ಅಜ್ಜೀ, ಹೊಸ ತಳಿಯ ಮೇಲೆ ಒಂದು ಹಿಡಿ ಚೆಲ್ಲಿ. ಫೋಟೋ ಚೆನ್ನಾಗಿ ಬರುತ್ತೆ."

"ಸರ್, ನಿಯಮ..." ಎಂದೆ.

"ಒಂದು ಹಿಡಿಗೆ ಏನಾಗುತ್ತೆ ರೀ? ಸುಮ್ಮನಿರಿ."

ಅಜ್ಜಿಗೆ ಬೇಕಾದದ್ದೂ ಅದೇ ಅಲ್ಲವೇ?

"ಆಗಂಗಿಲ್ರಿ" ಎಂದರು ಅಜ್ಜಿ.

"ನಾನು ಇವರ ಸಾಹೇಬ, ಅಜ್ಜೀ. ನಾನೇ ಹೇಳುತ್ತಿದ್ದೇನೆ."

"ನೀವು ಇವರಿಗೆ ಸಾಹೇಬ್ರಿರಬೇಕ್ರಿ. ನನ್ನ ಕೂಡ ಜಗಳಾಡಿ ಗೆದ್ದವರು ಇವರೊಬ್ಬರ. ಅದನ್ನ ನೀವು ಬಂದು ಕೆಡಸಬ್ಯಾಡ್ರಿ."

ಆದರೆ ತಂದ ಚರಗವನ್ನು ಮನೆಗೆ ಒಯ್ಯುವಂತಿಲ್ಲ. ಅಜ್ಜಿ ಅತ್ತಿತ್ತ ನೋಡಿದರು. ಸರಸರ ನಡೆದು ಎಲೆಯಿದ್ದ ಜೀಪಿನ ಮುಂದೆ ನಿಂತರು.

"ಎರಡೂ ಹೊಲದ ಎಲಿ ಇದರಾಗ ಹೊಂಟಾವಲ್ರಿ? ಸಮಾ ಮುಟ್ಟತೈತಿ!" ಎಂದು, "ಹುಲ್ಲುಲ್ಲಿಗೋ!" ಎಂಬ ಚರಗದ ಕೂಗು ಹಾಕುತ್ತ ಕಡಬು, ಪುಂಡಿಪಲ್ಯ, ಅನ್ನ ಎಲ್ಲವನ್ನೂ ಜೀಪಿನ ಗಾಜಿನ ಮೇಲೆ ಚೆಲ್ಲಿ, ಕೊನೆಯ ಹಿಡಿಯನ್ನು ಅರ್ಧ ಅರ್ಧ ಮಾಡಿ ಸಾಹೇಬರಾದ ನಮ್ಮಿಬ್ಬರ ತಲೆಯ ಮೇಲೂ ಹಾಕಿದರು.